ದೋಷ ಡೆಲಿವರಿ ಕಡೆ

ತೇರದಾಳದ ಸುಪಾರ್ಶ್ವನಿಗೆ ಹಗಲು ನಿದ್ದೆ ಎಂಬುದು ಚಟವಲ್ಲ, ನೌಕರಿಯ ಭಾಗ. ಕೃಷ್ಣಾ ದಂಡೆಯ ನೀರಿನ ಪಂಪ್‌ಹೌಸಿನಲ್ಲಿ ಅವನದು ಕಾಯಂ ರಾತ್ರಿ ಪಾಳಿ. ಊರು ಮಲಗಿದಾಗ ಅವನು ಎಚ್ಚರವಿರಬೇಕು, ಊರು ಎದ್ದು ಗದ್ದಲ ಹಾಕುವಾಗ ಅವನು ಮಲಗಬೇಕು. ಆದರೆ ಆ ವಾರ ಎರಡು ಸಲ ಕುರ್ಚಿಯಲ್ಲೇ ತೂಕಡಿಸಿ ಸಾಹೇಬರ ಕೈಗೆ ಸಿಕ್ಕಿಬಿದ್ದಿದ್ದ. ಮೂರನೇ ಸಲ ಸಿಕ್ಕರೆ ನೋಟೀಸೂ ಇಲ್ಲ, ಸೀದಾ ಸಸ್ಪೆಂಡ್ ಎಂದು ಅವರು ಹೇಳಿಬಿಟ್ಟಿದ್ದರು. ಈ ರಾತ್ರಿ ಅವರೇ ತಪಾಸಣೆಗೆ ಬರುವವರು. ಸಂಜೆಯೊಳಗೆ ನಾಲ್ಕು ತಾಸು ನಿದ್ದೆಯಾಗದಿದ್ದರೆ ಸುಪಾರ್ಶ್ವನ ಕತೆ ಮುಗಿದಂತೆಯೇ.

ನಿದ್ದೆಗೆ ಅಡ್ಡ ಬಂದದ್ದು ಗೋಡೆಯ ಮೇಲಿನ ಏಸಿ. ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪು, ಎರಡೂ ಕೊಡುತ್ತದೆಂದು ಆಸೆಪಟ್ಟು ತಂದ ಯಂತ್ರ. ಈಗ ಮೇ ತಿಂಗಳ ನಟ್ಟನಡುವೆ, ಮೂರು ದಿನದಿಂದ ಅಕಾಲದ ಮೋಡ ಕವಿದು ಊರೆಲ್ಲ ಹಬೆಗಿಟ್ಟ ಕಡಬಿನಂತೆ ಬೇಯುತ್ತಿರುವಾಗ, ಅದು ಬರೀ ಉಸ್ಸೆಂದು ಉಸಿರು ಬಿಡುತ್ತ ಕೂತಿತ್ತು.

"ಮಿಸ್ತ್ರಿಗೆ ಫೋನ್ ಹಚ್ಚಿದಿ ಏನ?" ಎಂದು ಹೆಂಡತಿ ಕ್ಷಮಾಳನ್ನು ಕೇಳಿದ.

"ಹಚ್ಚಿದ್ನಿರಿ. ಬನಹಟ್ಟ್ಯಾಗ ಅದಾನಂತ. ಬುಧವಾರ ಬರತೇನಂದ."

"ಯಾವ ಬುಧವಾರ?"

"ಅದನ್ನ ಹೇಳಲಿಲ್ರಿ," ಎಂದವಳೇ ಕ್ಷಮಾ, ಮಾಳಿಗೆಯ ಮೇಲೆ ಕೆಲಸವಿದೆಯೆಂದು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು.

ನಮ್ಮ ಕಡೆ ಒಬ್ಬರ ಮನೆಯಲ್ಲಿ ಯಂತ್ರ ಕೆಟ್ಟರೆ ಅದು ಓಣಿಯ ಸ್ವತ್ತಾಗಿಬಿಡುತ್ತದೆ. ಐದು ನಿಮಿಷದಲ್ಲಿ ಎದುರುಗಡೆಯ ಕಿರಾಣಿ ಅಂಗಡಿಯ ಪರಸಪ್ಪ ಬಂದು, ಏಸಿಯ ಕಡೆ ಒಮ್ಮೆ ನೋಡಿ, "ಗ್ಯಾಸ್ ಹೋಗೇತಿ," ಎಂದು ತೀರ್ಪು ಕೊಟ್ಟ. ಅವನ ಬೆನ್ನಿಗೇ ನಿವೃತ್ತ ಮಾಸ್ತರ ಪರಮಾನಂದ ಬಂದರು.

"ಗ್ಯಾಸ್ ಅಲ್ಲೋ ಪರಸಪ್ಪ, ವೋಲ್ಟೇಜ್ ಸಾಲವಲ್ದು," ಎಂದರು ಮಾಸ್ತರು. "ನಮ್ಮ ಮನಿ ಸ್ಟೆಬಿಲೈಜರ್ ತರತೇನಿ."

ತಂದರು. ಇಪ್ಪತ್ತು ವರ್ಷ ಕಪಾಟಿನ ಮೇಲಿದ್ದ ಪೆಟ್ಟಿಗೆ ಅದು. ಹಚ್ಚಿದ ಕೂಡಲೇ ಟಪ್ ಎಂದು ಸದ್ದಾಯಿತು, ಸುಟ್ಟ ವಾಸನೆ ಬಂತು, ಇದ್ದ ಫ್ಯಾನೂ ನಿಂತಿತು. ಫ್ಯೂಜ್ ಹಾಕುವುದರೊಳಗೆ ಅರ್ಧ ತಾಸು. ಅಷ್ಟರಲ್ಲಿ ಪರಸಪ್ಪ ಕುರ್ಚಿ ಹತ್ತಿ, ಒಳಗಿನ ಧೂಳು ಸೋಸುವ ಜಾಳಿಗೆ ತೆಗೆಯುವೆನೆಂದು ಜಗ್ಗಿದ. ಒಂದು ದಿಂಬು ತುಂಬುವಷ್ಟು ಧೂಳು ಸುಪಾರ್ಶ್ವನ ಹಾಸಿಗೆಯ ಮೇಲೆ ಸುರಿಯಿತು. ಮಾಸ್ತರು ಸುಮ್ಮನಿದ್ದರೆ ಹೇಗೆ? ಜಾಳಿಗೆ ತೊಳೆದ ನೀರನ್ನು ಅಲ್ಲೇ ಝಾಡಿಸಿ ಆ ಧೂಳನ್ನು ರಾಡಿ ಮಾಡಿಕೊಟ್ಟರು.

ಜಾಳಿಗೆ ಸ್ವಚ್ಛವಾಯಿತು, ಗಾಳಿ ಜೋರಾಯಿತು, ತಂಪು ಮಾತ್ರ ಬರಲಿಲ್ಲ. ಗಡಿಯಾರ ಒಂದು ಹೊಡೆಯಿತು.

"ಹೊಸಾದ ತಗೊಂಬಿಡು," ಎಂದ ಪರಸಪ್ಪ.

ಆ ಮಾತು ಸುಪಾರ್ಶ್ವನಿಗೆ ನಾಟಿತು. ಊರಿಗೆಲ್ಲ ನೀರು ಎತ್ತುವ ಮನುಷ್ಯ ತಾನು, ಇಷ್ಟುದ್ದದ ಡಬ್ಬಿಗೆ ಸೋಲುವುದೆ? "ಎಲ್ಲಾರೂ ಹತ್ತ ನಿಮಿಷ ಬಾಯಿ ಮುಚ್ಚಿ ಕುಂಡ್ರಿ," ಎಂದ. ಕಣ್ಣು ಮುಚ್ಚಿ, ಪಂಪ್‌ಹೌಸಿನಲ್ಲಿ ಮಾಡುವಂತೆ, ಗೋಡೆಗೆ ಕಿವಿ ಹಚ್ಚಿದ. ಮಾಳಿಗೆಯ ಮೇಲಿದ್ದ ಏಸಿಯ ಹೊರಗಿನ ಯಂತ್ರ ಗುಂಯ್ ಎಂದು ಶುರುವಾಯಿತು, ನರಳಿತು, ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರು, ಮತ್ತೆ ನರಳಾಟ, ಮತ್ತೆ ನಿಲುಗಡೆ.

ಸುಪಾರ್ಶ್ವ ಕಣ್ಣು ತೆರೆದ. ಮುಖ ಅರಳಿತ್ತು. "ಗ್ಯಾಸೂ ಅಲ್ಲ, ವೋಲ್ಟೇಜೂ ಅಲ್ಲ. ನೀರ ಹೊರಗ ಹೋಗೂ ಡೆಲಿವರಿ ವಾಲ್ವ್ ಬಂದ್ ಇದ್ರ ನಮ್ಮ ಪಂಪ್ ಹಿಂಗ ನರಳತೈತಿ. ಇದೂ ಪಂಪ್. ಖೋಲ್ಯಾಗಿನ ಶೆಖಿ ಎತ್ತಿ ಹೊರಗ ಒಗೀತೈತಿ. ಒಗದಿದ್ದು ಹೋಗಾಕ ಹಾದಿ ಇಲ್ಲ. ದೋಷ ಡೆಲಿವರಿ ಕಡೆ ಐತಿ."

ಮೂವರೂ ದಡದಡ ಮಾಳಿಗೆ ಹತ್ತಿದರು. ಅಲ್ಲಿ ಹೊರಗಿನ ಯಂತ್ರ ಕಾಣಲೇ ಇಲ್ಲ. ಅದಿರುವ ಮೂಲೆಯಲ್ಲಿ ನಾಲ್ಕು ಹಳೆಯ ಸೀರೆಗಳ ಡೇರೆ ಎದ್ದಿತ್ತು. ಸುತ್ತ ಓಣಿಯ ಜೈನ ಹೆಂಗಸರು, ಅವರ ನಡುವೆ ಅಧಿಕಾರದಿಂದ ಕೂತ ಹಿರಿಯಳು ಹೀರಾಬಾಯಿ. ಸೀರೆ ಸರಿಸಿ ನೋಡಿದರೆ, ಯಂತ್ರದ ಮೂಗಿಗೆ ತಾಗುವಂತೆ ಕೋಲು ಕೋಲಿಗೂ ಹಸಿ ಶಾವಿಗೆ ಇಳಿಬಿದ್ದಿತ್ತು.

"ಏನ್ರಿ ಇದು?" ಎಂದ ಸುಪಾರ್ಶ್ವ.

"ಶಾವಿಗಿ," ಎಂದಳು ಹೀರಾಬಾಯಿ, ಕಣ್ಣು ಕಾಣದವನಿಗೆ ಹೇಳುವಂತೆ. "ಮೂರ ದಿನಾ ಆತು, ಬಿಸಲಿಲ್ಲ. ನಿನ್ನ ಮಿಷನ್ ನೋಡಿದ್ರ ಬಿಸಿ ಗಾಳಿ ಸುಮ್ನ ಊರಿಗೆ ಹಂಚಾಕತ್ತಿತ್ತು. ಹೋಗಬಾರದಂತ ಸೀರಿ ಕಟ್ಟೇವಿ. ಚಾತುರ್ಮಾಸಕ್ಕ ಬೇಕಪಾ. ಹಸಿ ಉಳದು ಬೂಸರ ಬಂತಂದ್ರ ಅದರಾಗ ಸಣ್ಣ ಸಣ್ಣ ಜೀವಾ ಆಗತಾವ. ಅದನ್ನ ತಿನ್ನಾಕೂ ಬರಂಗಿಲ್ಲ, ಹನ್ನೊಂದ ಮನಿ ಹಿಟ್ಟು ಮಣ್ಣ ಪಾಲು."

ಕ್ಷಮಾ ಆಕಾಶ ನೋಡುತ್ತ ನಿಂತಿದ್ದಳು.

ಸುಪಾರ್ಶ್ವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗೆದ್ದವನಿಗೆ ಎಲ್ಲಿಯ ಸಿಟ್ಟು! "ಆಯಿ, ತಾನು ಬಿಟ್ಟ ಬಿಸಿ ಉಸರ ತಾನ ನುಂಗಿದ್ರ ಅದು ಬದುಕೂದ ಹೆಂಗ?" ಎಂದು ಸೀರೆಗಳನ್ನು ಬಿಚ್ಚಿದ. ಕೋಲುಗಳನ್ನು ನಾಲ್ಕು ಹೆಜ್ಜೆ ದೂರ ಸರಿಸಿದ. ಯಂತ್ರದ ಬೆನ್ನಿನ ತಗಡಿನ ಸಂದುಗಳಲ್ಲಿ ಹಿಟ್ಟು, ಓಣಿಯ ಮಗ್ಗಗಳಿಂದ ಹಾರಿಬಂದ ಹತ್ತಿಯ ಎಳೆ, ಶಾವಿಗೆಯ ಚೂರು ಮೆತ್ತಿಕೊಂಡಿದ್ದವು. ಕರೆಂಟು ತೆಗೆಸಿ, ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಒಂದೊಂದೇ ಸಂದು ಬಿಡಿಸಿದ. ಮುಕ್ಕಾಲು ತಾಸು ಬೆವರು ಸುರಿಸಿ, ಮತ್ತೆ ಕರೆಂಟು ಕೊಡಿಸಿದ.

ಯಂತ್ರ ನರಳಲಿಲ್ಲ. ಹತ್ತು ನಿಮಿಷದಲ್ಲಿ ಕೋಣೆ ತಣ್ಣಗಾಯಿತು. ಕಾಲು ತಾಸಿಗೆ ಪರಸಪ್ಪ ಟವೆಲು ಹೊದ್ದುಕೊಂಡ. "ನಾನು ಮೊದಲ ಅಂದಿದ್ದೆ, ಹೊರಗ ನೋಡ್ರಿ ಅಂತ," ಎಂದರು ಮಾಸ್ತರು. ಅವರು ಅಂದೇ ಇರಲಿಲ್ಲ. ಹೆಂಗಸರು ಸಾಲಾಗಿ ಬಂದು ಗಾಳಿಗೆ ಕೈಯೊಡ್ಡಿ ಹೋದರು. "ಮಿಸ್ತ್ರಿ ಯಾಕ ಬೇಕು, ನಮ್ಮನಿಯವ್ರ ಅದಾರಲ್ಲ," ಎಂದು ಕ್ಷಮಾ ಎಲ್ಲರಿಗೂ ಕೇಳುವಂತೆ ಹೇಳಿದಳು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಸುಪಾರ್ಶ್ವ ಕೇಳಿದ ಮೊದಲ ಹೊಗಳಿಕೆ ಅದು. ಅವನ ಎದೆ ತುಂಬಿ ಬಂತು.

ಎಲ್ಲರನ್ನೂ ಕಳಿಸಿ, ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿ, ಹಾಸಿಗೆ ತಿರುವಿ ಹಾಕಿಕೊಂಡು ಮಲಗಿದ. ಎರಡೂವರೆ. ಆರೂವರೆಗೆ ಎದ್ದರೂ ನಾಲ್ಕು ತಾಸು ಸಿಕ್ಕೀತು. ರೆಪ್ಪೆ ಭಾರವಾಗುವಷ್ಟರಲ್ಲಿ ಮಾಳಿಗೆಯಿಂದ ಇಳಿದು ಬಂದ ಹೀರಾಬಾಯಿ ಕೋಣೆಯ ಬಾಗಿಲು ನೂಕಿ ನಿಂತಿದ್ದಳು.

"ಸುಪಾರ್ಶ್ವ, ಮಿಷನ್ ನಿಂತೈತಲ್ಲಪಾ. ಮತ್ತ ಕೆಟ್ಟಿತೇನು?"

ತಜ್ಞನ ಗತ್ತಿನಲ್ಲಿ ಸುಪಾರ್ಶ್ವ ನಕ್ಕ. "ಕೆಟ್ಟಿಲ್ಲ ಆಯಿ. ಖೋಲಿ ತಂಪಾತು, ಇನ್ನ ಹೊರಗಿನದಕ್ಕ ಕೆಲಸಿಲ್ಲ. ಒಳಗ ಮತ್ತ ಶೆಖಿ ಬಂದ್ರ ಅಷ್ಟ ಅಲ್ಲಿ ಬಿಸಿ ಗಾಳಿ. ಖೋಲಿ ತಂಪ ಆಗದಿದ್ರ ಅದು ನಿಂದ್ರೂದ ಇಲ್ಲ, ಇಡೀ ದಿನಾ ಓಡತೈತಿ. ಅಂಥಾ ರಿಪೇರಿ ಮಾಡೀನಿ." ಇಷ್ಟು ಹೇಳಿ ಮಗ್ಗಲು ಬದಲಿಸಿದ.

"ಹಂಗ ಏನು," ಎಂದಳು ಹೀರಾಬಾಯಿ. ಬಹಳ ಹೊತ್ತು ಯೋಚಿಸಲಿಲ್ಲ.

ಮೊದಲು ತಲೆಬಾಗಿಲು ತೆರೆಯಿತು. ಆಮೇಲೆ ಹಿತ್ತಲ ಬಾಗಿಲು. ಆಮೇಲೆ ಕೋಣೆಯ ಮೂರೂ ಕಿಟಕಿಗಳು ಒಂದಾದಮೇಲೊಂದು ದಢಾರನೆ ತೆರೆದುಕೊಂಡವು. ಕೊನೆಯದನ್ನು ತೆರೆದವಳು ಕ್ಷಮಾ. ತೇರದಾಳದ ಶೆಖೆಯೆಲ್ಲ ಸಂಸಾರ ಸಮೇತ ಒಳಗೆ ಬಂತು. ಮಾಳಿಗೆಯ ಮೇಲೆ ಯಂತ್ರ ಗರ್ಜಿಸತೊಡಗಿತು. ಒಮ್ಮೆಯೂ ನರಳದೆ, ಒಮ್ಮೆಯೂ ನಿಲ್ಲದೆ, ಬಿಸಿಬಿಸಿ ಗಾಳಿ ಚೆಲ್ಲುತ್ತ ಓಡಿತು. ಅದಕ್ಕಿಂತ ಒಳ್ಳೆಯ ದುರಸ್ತಿ ಆ ಸೀಮೆಯಲ್ಲಿ ಯಾರೂ ಮಾಡಿರಲಿಕ್ಕಿಲ್ಲ.

"ನಾ ಮಲಗೂದು?" ಎಂದು ಸುಪಾರ್ಶ್ವ ಎದ್ದು ಕೂತ.

"ಮಲಗ್ರಿ, ಯಾರ ಬ್ಯಾಡಂದ್ರು?" ಎಂದಳು ಕ್ಷಮಾ. "ಕಿಟಕಿ ಅಷ್ಟ ಹಾಕಬ್ಯಾಡ್ರಿ. ಇವತ್ತಿಗೆ ಎರಡ ಮನಿ ಶಾವಿಗಿ ಮುಗಿತೈತಿ. ಉಳದದ್ದು ನಾಳಿಯಿಂದ."

ಐದು ಗಂಟೆಯವರೆಗೆ ಅವನು ಹೊರಳಾಡಿದ. ಅಂಗಿ ತೊಯ್ದು ಮೈಗಂಟಿತು, ಕಣ್ಣು ಕೆಂಡವಾದವು, ನಿದ್ದೆ ಹತ್ತಿರ ಸುಳಿಯಲಿಲ್ಲ. ಕೊನೆಗೆ ಎದ್ದು ಮಾಳಿಗೆಗೆ ಹೋದ. ಶಾವಿಗೆ ಗರಿಗರಿಯಾಗಿ ಒಣಗಿತ್ತು. ಹೀರಾಬಾಯಿ ಅವನನ್ನು ಕಂಡು ಮಮತೆಯಿಂದ ನಕ್ಕು, ಒಂದು ಉದ್ದನೆಯ ಬಿದಿರಕೋಲು ಕೈಗಿತ್ತಳು.

"ಛಲೋ ಆತು ನೀ ಬಂದಿದ್ದು. ಕತ್ತಲಾದ ಮ್ಯಾಲ ಉಣ್ಣಾಕ ಬರಂಗಿಲ್ಲಲ್ಲ, ನಾವು ಹೊತ್ತ ಮುಳಗೂದ್ರಾಗ ಊಟಾ ಮುಗಿಸಿ ಬರತೇವಿ. ಹೆಂಗೂ ಎಚ್ಚರ ಅದಿ, ಅಲ್ಲಿತನಾ ಕಾಗಿ ಹೊಡಿ."