ಮಾಸ್ಟರರ ಹೆಂಡತಿಗೊಂದು ಕೋಟು

ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವ ಮನುಷ್ಯನ ಮನೆಯೊಳಗೇ ರೆಡಿಮೇಡ್ ಬಟ್ಟೆಯ ಚೀಲವೊಂದು ಬಂದು ಕೂತರೆ ಆ ಮನುಷ್ಯ ಯಾರ ಮುಂದೆ ಹೇಳಿಕೊಂಡು ಅಳಬೇಕು? ಮಾಸ್ಟರ್ ಚೀಲವನ್ನು ಕಂಡದ್ದೇ ಪಕ್ಕದ ಕುರ್ಚಿಯ ಮೇಲೆ ಕುಸಿದರು. (ಕುರ್ಚಿಯ ಮೇಲೆ ಗಿರಾಕಿಯೊಬ್ಬರ ಅರ್ಧ ಹೊಲಿದ ಪ್ಯಾಂಟಿತ್ತು, ಪ್ಯಾಂಟಿನ ತುಂಬ ಗುಂಡುಸೂಜಿಗಳಿದ್ದವು. ಆದರೂ ಅವರಿಗೆ ಚುಚ್ಚಿದ್ದು ಚೀಲವೇ.)

ಮಾಸ್ಟರ್ ಎಂದರೆ ಪಾಠ ಹೇಳುವ ಮೇಷ್ಟರಲ್ಲ, ಟೈಲರ್ ಮಾಸ್ಟರ್. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಕೋಟಿನ ಭುಜ ಕೂರಿಸುವುದರಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಹೇಳಿದ ದಿನಕ್ಕೆ ಕೊಡದೆ ಇರುವುದರಲ್ಲೂ ಇರಲಿಲ್ಲ. ಯಾವಾಗ ಕೇಳಿದರೂ ‘ನಾಳೆ’ ಎನ್ನುತ್ತಿದ್ದುದರಿಂದ ಬೀದಿಯ ಜನ ಅವರಿಗೆ ನಾಳೆ ಮಾಸ್ಟರ್ ಎಂಬ ಬಿರುದು ದಯಪಾಲಿಸಿದ್ದರು. ಪರದೆಯ ಹಿಂದೆ ಕೂತು ಗುಂಡಿ ತೂರುವ ಕಾಜಾ ಹೊಲಿಯುವುದು, ಗುಂಡಿ ಹಾಕುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು ಹೆಂಡತಿಯ ಪಾಲು. ಗಿರಾಕಿ ಸಿಟ್ಟಾಗಿ ಬಂದರೆ ಮಾಸ್ಟರ್ ಪರದೆಯ ಹಿಂದಕ್ಕೆ ಹೋಗುತ್ತಿದ್ದರು, ಹೆಂಡತಿ ಮುಂದಕ್ಕೆ ಬರುತ್ತಿದ್ದಳು. ಎಲ್ಲ ಆಗಿದೆ, ಗುಂಡಿ ಒಂದೇ ಬಾಕಿ ಎಂದು ಆಕೆ ನಗುನಗುತ್ತ ಹೇಳುವಾಗ ಆ ಬಟ್ಟೆಗೆ ಇನ್ನೂ ಕತ್ತರಿಯೇ ತಾಗಿರುತ್ತಿರಲಿಲ್ಲ. ಸಿಡಿಗುಟ್ಟುತ್ತ ಬಂದವರು ನೀರು ಕುಡಿದು, ಆಕೆಯ ಮಗಳ ಓದು ವಿಚಾರಿಸಿ, ನಾಳೆ ಬರುತ್ತೇವೆಂದು ಹೇಳಿ ಹೋಗುತ್ತಿದ್ದರು.

ಚೀಲದ ಕಥೆಯನ್ನು ಕಾಲೇಜಿಗೆ ಹೋಗುವ ಮಗಳು ಬಿಡಿಸಿ ಹೇಳಿದಳು. ಸೋಮವಾರ ಅಮ್ಮನಿಗೆ ಇಂಟರ್‌ವ್ಯೂ. ಪಾರ್ಸೆಲ್ ಕಂಪನಿಯ ದೊಡ್ಡಾಫೀಸಿನಲ್ಲಿ, ಜನರ ದೂರು ಕೇಳಿ ಸಮಾಧಾನ ಹೇಳುವ ಕೌಂಟರಿನ ಕೆಲಸ. ಅದಕ್ಕೆ ಹಾಕಿಕೊಂಡು ಹೋಗಲು ಕೋಟು. ಹೆಂಡತಿ ಅರ್ಜಿ ಹಾಕಿದ್ದು ಮಾಸ್ಟರಿಗೆ ಗೊತ್ತಿತ್ತು. ಅರ್ಜಿ ಹಾಕಿದವರನ್ನೆಲ್ಲ ಯಾರು ಕರೆಯುತ್ತಾರೆ ಎಂದು ಧೈರ್ಯವಾಗಿದ್ದರು. ಈಗ ಕರೆದೇಬಿಟ್ಟಿದ್ದರು.

ಅದಕ್ಕಿಂತ ದೊಡ್ಡ ಗಾಯ ಬೇರೆಯೇ ಇತ್ತು. ಹೆಂಗಸಾದವಳು ಇಂಟರ್‌ವ್ಯೂಗೆ ಏನು ಹಾಕಿಕೊಂಡು ಹೋಗಬೇಕು ಎಂಬ ಘನವಾದ ವಿಷಯದ ಮೇಲೆ ಮನೆಯಲ್ಲಿ ಒಂದು ವಾರದಿಂದ ಮಹಾಸಭೆ ನಡೆದಿತ್ತು. ಬಟ್ಟೆಯನ್ನೇ ನಂಬಿ ಬದುಕಿದ ಒಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಲಾಗಿತ್ತು. ಗಾಢ ಬಣ್ಣವೇ ಇರಲಿ, ಹೆದರಿ ಬೆವರಿದರೂ ಗೊತ್ತಾಗುವುದಿಲ್ಲ ಎಂದು ಹೆಂಡತಿಯ ಅಕ್ಕ ಫೋನಿನಲ್ಲಿ ಹೇಳಿದ್ದಳು. ಮಗಳು ಮೊಬೈಲಿನಲ್ಲಿ ಓದಿ, ಝಣಝಣ ಎನ್ನುವುದೇನೂ ಮೈಮೇಲಿರಬಾರದು, ಕೂತಾಗ ಎಳೆದೆಳೆದು ಸರಿಮಾಡಿಕೊಳ್ಳಬೇಕಾದ ಬಟ್ಟೆಯಂತೂ ಬೇಡವೇ ಬೇಡ ಎಂದು ತೀರ್ಪು ಕೊಟ್ಟಿದ್ದಳು. ಪಕ್ಕದ ಮನೆಯ ನರ್ಸಮ್ಮ, ಏನಾದರೂ ಹಾಕಿಕೋ, ಹೊಸ ಚಪ್ಪಲಿ ಮಾತ್ರ ಹಾಕಬೇಡ, ಚಪ್ಪಲಿ ಕಚ್ಚಿದ ಕಾಲಿನಲ್ಲಿ ಯಾರೂ ಜಾಣತನದಿಂದ ಮಾತಾಡಿದ್ದು ತಾನು ಕಂಡಿಲ್ಲ ಎಂದಿದ್ದಳು. ಇದೆಲ್ಲ ಪರದೆಯ ಆಚೆ ನಡೆಯುವಾಗ ಮಾಸ್ಟರ್ ಈಚೆ ಮೆಷಿನ್ ತುಳಿಯುತ್ತಿದ್ದರು. ಆ ಸದ್ದಿನಲ್ಲಿ ಏನೂ ಕೇಳಿಸಿರಲಿಲ್ಲ.

ಚೀಲದಿಂದ ಕೋಟು ಹೊರಗೆ ತೆಗೆದು, ಹೆಣ ಪರೀಕ್ಷಿಸುವ ಡಾಕ್ಟರಂತೆ ಮೇಜಿನ ಮೇಲೆ ಅಂಗಾತ ಮಲಗಿಸಿದರು. ಭುಜ ಇಳಿದಿದೆ ಎಂದರು. ಒಳಗಿನ ಲೈನಿಂಗು ಗುಳ್ಳೆ ಎದ್ದಿದೆ ಎಂದರು. ಜೇಬು ಎರಡಿವೆ, ಎರಡೂ ಒಂದರ ಮುಖ ಒಂದು ನೋಡುತ್ತಿಲ್ಲ ಎಂದರು. ಹೆಂಡತಿ ಸೂಜಿಗೆ ದಾರ ಪೋಣಿಸುತ್ತ ಎಲ್ಲ ಕೇಳಿಸಿಕೊಂಡಳು.

"ಭುಜ ಇಳಿದಿದ್ರೂ ಕೋಟು ಕೈಯಲ್ಲಿದೆ ತಾನೆ? ನೀವು ಹೊಲಿದಿದ್ರೆ ಅದು ಇನ್ನೂ ಬಟ್ಟೆಯ ಥಾನಿನಲ್ಲೇ ಇರ್ತಿತ್ತು."

"ಟೈಲರ್ ಹೆಂಡತಿ ರೆಡಿಮೇಡ್ ಹಾಕ್ಕೊಂಡು ಬಸ್ ಹತ್ತಿದರೆ ನಾನು ಈ ಬೀದೀಲಿ ತಲೆ ಎತ್ತಿಕೊಂಡು ಓಡಾಡಬೇಕಾ ಬೇಡವಾ? ನಾನೇ ಹೊಲೀತೀನಿ."

"ಯಾವಾಗ ಕೊಡ್ತೀರಿ?"

"ನಾ..." ಎಂದವರು ಅಲ್ಲಿಗೇ ತುಟಿ ಕಚ್ಚಿದರು. ಮಗಳು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಳು. ಶನಿವಾರ ಎಂದು ಮಾಸ್ಟರ್ ಗಂಭೀರವಾಗಿ ಘೋಷಿಸಿದರು. ರೆಡಿಮೇಡ್ ಕೋಟನ್ನು ವಾಪಸು ಮಾಡದೆ ಹಾಗೇ ಇಟ್ಟುಕೊಳ್ಳುವುದೆಂದು ತಾಯಿ ಮಗಳು ಕಣ್ಣಲ್ಲೇ ಮಾತಾಡಿಕೊಂಡರು.

ಹೊಲಿಯುತ್ತೇನೆಂದು ಹೇಳಿದ್ದು ಜಂಭಕ್ಕೆ. ಕತ್ತರಿ ಹಿಡಿದು ನಿಂತಾಗ ಮಾಸ್ಟರಿಗೆ ತಾನೇನು ಮಾಡುತ್ತಿದ್ದೇನೆಂದು ಹೊಳೆಯಿತು. ಈ ಕೋಟು ಚೆನ್ನಾಗಿ ಬಂದರೆ ಹೆಂಡತಿ ಚೆನ್ನಾಗಿ ಕಾಣುತ್ತಾಳೆ. ಚೆನ್ನಾಗಿ ಕಂಡರೆ ಧೈರ್ಯವಾಗಿ ಮಾತಾಡುತ್ತಾಳೆ, ಮಾತಾಡಿದರೆ ಕೆಲಸ ಸಿಕ್ಕಿತೆಂದೇ ಲೆಕ್ಕ. ಆಮೇಲೆ ಕಾಜಾ ಹೊಲಿಯುವವರು ಯಾರು? ಗಿರಾಕಿಗಳ ಬಾಯಿಗೆ ಸಿಗುವವರು ಯಾರು? ಬೆಳಗಿನಿಂದ ಸಂಜೆವರೆಗೆ ಪರದೆಯ ಹಿಂದೆ ಯಾರೂ ಇಲ್ಲದ ಅಂಗಡಿಯಲ್ಲಿ ಒಬ್ಬರೇ ಕೂತಿರುವುದನ್ನು ನೆನೆದು ಕತ್ತರಿಯನ್ನು ಮೇಜಿನ ಮೇಲಿಟ್ಟರು.

ಆಗ ಒಂದು ಯೋಚನೆ ಬಂತು. (ಯೋಚನೆ ಕೆಟ್ಟದ್ದು. ಕೆಟ್ಟದ್ದೆಂದು ಅವರಿಗೂ ಗೊತ್ತಿತ್ತು.) ಕೋಟಿನ ಕಂಕುಳಲ್ಲಿ ಅರ್ಧ ಇಂಚು ಬಿಗಿ ಮಾಡಿದರೆ ಸಾಕು. ನೋಡುವವರಿಗೆ ಏನೂ ಕಾಣುವುದಿಲ್ಲ, ಹಾಕಿಕೊಂಡವರಿಗೆ ಮಾತ್ರ ಪ್ರಾಣಸಂಕಟ. ಕಂಕುಳು ಕಚ್ಚುವ ಕೋಟಿನಲ್ಲಿ ಮಂತ್ರಿಗಳೂ ತಡವರಿಸುತ್ತಾರೆ. ಹೆಂಡತಿ ಕುರ್ಚಿಯಲ್ಲಿ ಮಿಸುಕಾಡುತ್ತಾಳೆ, ಕೇಳಿದ್ದಕ್ಕೆ ಇನ್ನೇನೋ ಹೇಳುತ್ತಾಳೆ, ಸೋಮವಾರ ಸಂಜೆಗೆ ಮನೆಗೆ ಬಂದು ಮೊದಲಿನಂತೆ ಸೂಜಿ ಹಿಡಿಯುತ್ತಾಳೆ. ಮಾಸ್ಟರ್ ಅರ್ಧ ಇಂಚು ಒಳಗೆ ಸೀಮೆಸುಣ್ಣದ ಗೆರೆ ಎಳೆದರು.

ಗೆರೆ ಎಳೆದದ್ದೇನೋ ಸರಿ, ಕತ್ತರಿ ಅದರ ಮೇಲೆ ಓಡಲಿಲ್ಲ. ತಮ್ಮ ಸ್ವಂತಕ್ಕೆಂದು ತೆಗೆದಿಟ್ಟುಕೊಂಡಿದ್ದ ಕಡುನೀಲಿ ಬಟ್ಟೆ ಅದು. ಅಂಥ ಬಟ್ಟೆಗೆ ತಪ್ಪು ಕಟ್ಟಿಂಗು ಮಾಡುವುದು ಅವರ ಕೈಗೆ ಗೊತ್ತಿರಲಿಲ್ಲ. ಕೈ ಗೆರೆಯನ್ನು ಬಿಟ್ಟು ಹೊರಗಿನಿಂದಲೇ ಹೋಯಿತು; ಸಾಲದೆಂಬಂತೆ, ಇವಳು ಕೂತು ಮಾತಾಡಬೇಕಲ್ಲ ಎಂದು ಒಂದು ಚೂರು ಸಡಿಲವನ್ನೂ ಬಿಟ್ಟಿತು. ಮಾಸ್ಟರ್ ತಮ್ಮ ಕೈಯನ್ನೇ ದುರುದುರು ನೋಡಿದರು. ಮನೆಯಲ್ಲಿ ಹೆಂಡತಿ ಮಗಳು ಮಾತು ಕೇಳುವುದಿಲ್ಲವೆಂದರೆ ಸಹಿಸಿಕೊಳ್ಳಬಹುದು, ಸ್ವಂತ ಕೈಯೂ ಕೇಳದಿದ್ದರೆ ಯಾರಿಗೆ ದೂರು ಕೊಡುವುದು?

ಕಾಜಾವನ್ನು ತಾವೇ ಹೊಲಿಯುವುದಾಗಿ ಹಟ ಹಿಡಿದರು. ಇಂಟರ್‌ವ್ಯೂ ಕೋಟಿಗೆ ಇಂಟರ್‌ವ್ಯೂಗೆ ಹೋಗುವವಳೇ ಕೈಹೊಲಿಗೆ ಹಾಕುವುದು ಚೆಂದವಲ್ಲ ಎಂದು ಹೇಳಿದರು. ಮದುವೆಯಾದ ಮೇಲೆ ಅವರು ಕಾಜಾಕ್ಕೆ ಕೈ ಹಚ್ಚಿರಲಿಲ್ಲ. ಇದ್ದದ್ದು ಮೂರು ಕಾಜಾ, ಹಿಡಿದದ್ದು ಮೂರು ಮಧ್ಯಾಹ್ನ, ಬೆರಳಿನ ತುದಿಗಳೆಲ್ಲ ಜರಡಿಯಾದವು. ಆದರೂ ಕೋಟು ಶನಿವಾರ ಬೆಳಿಗ್ಗೆ ತಯಾರಿತ್ತು. ಅಂಗಡಿಯ ಇತಿಹಾಸದಲ್ಲಿ ಹೇಳಿದ ದಿನಕ್ಕೆ ಹೊರಬಂದ ಮೊದಲ ಬಟ್ಟೆ ಅದೇ ಇರಬೇಕು.

ಹೆಂಡತಿ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಳು. ಕೈ ಮೇಲೆತ್ತಿ ನೋಡಿದಳು, ಮುಂದಕ್ಕೆ ಚಾಚಿ ನೋಡಿದಳು. ಎಲ್ಲೂ ಎಳೆಯಲಿಲ್ಲ. ಕನ್ನಡಿಯೊಳಗಿನ ಹೆಂಗಸನ್ನು ಕಂಡು ಮಾಸ್ಟರಿಗೆ, ಬನ್ನಿ ಮೇಡಂ, ಕೂತುಕೊಳ್ಳಿ ಎನ್ನಬೇಕೆನಿಸಿತು. ಇಷ್ಟು ವರ್ಷ ಇವಳು ಪರದೆಯ ಹಿಂದೆ ಯಾಕೆ ಕೂತಿದ್ದಳು ಎಂಬ ಪ್ರಶ್ನೆ ಮೊದಲ ಸಲ ತಲೆಗೆ ಬಂತು. ಉತ್ತರ ಗೊತ್ತಿದ್ದುದರಿಂದ ಸಂಕಟವಾಯಿತು.

"ಅಲ್ಲ ಕಣೇ, ನಿನಗಿಲ್ಲಿ ಏನು ಕಡಿಮೆಯಾಗಿದೆ?" ಎಂದು ಕೇಳಿದರು. ಧ್ವನಿ ಅವರಿಗೇ ದೀನವಾಗಿ ಕೇಳಿಸಿತು.

ಆಕೆ ಕಾಲರನ್ನು ಸವರಿದಳು. "ಏನೂ ಕಡಿಮೆಯಾಗಿಲ್ಲ ರೀ. ಇಪ್ಪತ್ತು ವರ್ಷದಿಂದ ಬಂದವರಿಗೆಲ್ಲ ಸುಳ್ಳು ಹೇಳಿದೀನಿ. ಒಂದು ಸಲ ಬಾಯಿ ಬಿಟ್ಟರೆ ನಿಜ ಬರೋ ಅಂಥ ಕಡೆ ಕೂತ್ಕೋಬೇಕು ಅಂತ ಆಸೆ, ಅಷ್ಟೆ."

ಸೋಮವಾರ ಸಂಜೆ ಆಕೆ ಬಸ್ಸಿನಿಂದ ಇಳಿದು ನಡೆದು ಬರುವ ರೀತಿಯಲ್ಲೇ ಮಾಸ್ಟರಿಗೆ ಗೊತ್ತಾಗಿಹೋಯಿತು. ಕೆಲಸ ಸಿಕ್ಕಿತ್ತು. ನಾಲ್ಕು ಜನ ಕೂತಿದ್ದರಂತೆ. ಪಾರ್ಸೆಲ್ ಸಿಗದೆ ಕೂಗಾಡುವವರನ್ನು ಹೇಗೆ ಸಂಭಾಳಿಸುತ್ತೀರಿ ಎಂದು ಕೇಳಿದರಂತೆ. ಅವರಲ್ಲೊಬ್ಬರನ್ನು, ನೀವು ಕೂಗಾಡಿ ನೋಡೋಣ ಎಂದು ಇವಳೇ ಕೇಳಿಕೊಂಡು, ಕೂಗಾಡಿಸಿ, ತಣ್ಣಗೆ ಮಾಡಿ, ಕೊನೆಗೆ ಅವರ ಮೊಮ್ಮಗುವಿನ ಹೆಸರು ಕೇಳುವವರೆಗೆ ಬಂದಳಂತೆ. ಆಮೇಲೆ ದೊಡ್ಡ ಮೇಡಂ ಎದ್ದು ಬಂದು ಕೋಟಿನ ತೋಳು ಮುಟ್ಟಿ ನೋಡಿ, ಇದನ್ನು ಹೊಲಿದವರು ಯಾರು ಎಂದರಂತೆ. ನಮ್ಮ ಮನೆಯವರು ಎಂದಳಂತೆ. ಮಾಸ್ಟರ್ ಆ ಭಾಗವನ್ನು ಮಾತ್ರ ಎರಡು ಸಲ ಹೇಳಿಸಿದರು.

ಅಲ್ಲಿಂದಾಚೆಗೆ ಮಾಸ್ಟರಿಗೆ ಗ್ರಹಚಾರ ಶುರುವಾಯಿತು. ಕಾಜಾ ಇಲ್ಲದ ಅಂಗಿಗಳು, ಗುಂಡಿ ಇಲ್ಲದ ಪ್ಯಾಂಟುಗಳು ಮೇಜಿನ ಮೇಲೆ ಗುಡ್ಡವಾದವು. ಗಿರಾಕಿ ಬಂದಾಗ ಅಭ್ಯಾಸಬಲದಿಂದ ಪರದೆಯ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದರು. ಮುಂದೆ ಯಾರೂ ಇಲ್ಲದ್ದರಿಂದ ಗಿರಾಕಿ ಪರದೆ ಸರಿಸಿ ಒಳಗೇ ಬರುತ್ತಿದ್ದ. ಗುಂಡಿ ಒಂದೇ ಬಾಕಿ ಎಂದು ಇವರು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಅದೇ ಸುಳ್ಳು ಹೆಂಡತಿಯ ಬಾಯಲ್ಲಿ ಅಷ್ಟು ಚೆನ್ನಾಗಿ ಹೇಗೆ ಕೂರುತ್ತಿತ್ತೋ, ಅವರಿಗೆ ಬಗೆಹರಿಯಲಿಲ್ಲ. ಎದುರಂಗಡಿಯ ಟೈಲರ್, ಅವನು ಹೊಲಿಯುವುದು ಬಟ್ಟೆಯಲ್ಲ ಗೋಣಿಚೀಲ ಎಂದು ಇವರು ಊರಿಗೆಲ್ಲ ಹೇಳಿಕೊಂಡು ಬಂದಿದ್ದವನು, ಹೇಳಿದ ದಿನಕ್ಕೆ ಗೋಣಿಚೀಲಗಳನ್ನು ಮಡಿಸಿ ಕೊಟ್ಟು, ಬಾಗಿಲಲ್ಲಿ ನಿಂತು ಇವರನ್ನು ಕನಿಕರದಿಂದ ನೋಡುತ್ತಿದ್ದ.

ಇಷ್ಟೆಲ್ಲದರ ನಡುವೆ ಒಂದು ಸಂಜೆ ಹೆಂಡತಿ ತಂದ ಸುದ್ದಿ ಕೇಳಿ ಮಾಸ್ಟರ್ ಕೂತಲ್ಲಿಂದ ಎದ್ದರು. ಕೌಂಟರಿನಲ್ಲಿ ಕೂರುವ ಹೆಂಗಸರಿಗೆಲ್ಲ ಆಫೀಸಿನಿಂದಲೇ ಕೋಟು ಕೊಡುತ್ತಾರಂತೆ. ಏನು ಹಾಕಿಕೊಂಡು ಬರಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮೂವತ್ತು ಕೋಟು, ಇದೇ ಬಣ್ಣ, ಇದೇ ಕಟ್ಟಿಂಗು. ಆ ಕ್ಷಣ ಮಾಸ್ಟರ್ ಹೊಸ ಮೆಷಿನ್ನು ಕೊಂಡರು, ಅಂಗಡಿಗೆ ಹೊಸ ಬೋರ್ಡು ಹಾಕಿಸಿದರು, ಎದುರಂಗಡಿಯವನನ್ನು ಸಂಬಳಕ್ಕೆ ಇಟ್ಟುಕೊಂಡರು. ಎಲ್ಲ ಮನಸ್ಸಿನಲ್ಲೇ.

"ದೊಡ್ಡ ಮೇಡಂ ನನ್ನನ್ನೇ ಕರೆದು ಕೇಳಿದರು, ನಿಮ್ಮವರ ಕೆಲಸ ಹೇಗೆ ಅಂತ" ಎಂದು ಹೆಂಡತಿ ಹೇಳಿದಳು. "ಅಂಥ ಕೈ ಇನ್ನೊಂದಿಲ್ಲ ಅಂದೆ."

ಮಾಸ್ಟರರ ಕಣ್ಣು ತುಂಬಿತು.

"ಹೇಳಿದ ದಿನಕ್ಕೆ ಕೊಡ್ತಾರಾ ಅಂತ ಕೇಳಿದರು. ಇಲ್ಲ ಅಂದೆ."

ಮಾಸ್ಟರ್ ಸಿಟ್ಟು ಮಾಡಬೇಕೆಂದುಕೊಂಡರು. ಆದರೆ ಸಿಟ್ಟು ಮಾಡಲು ಬೇಕಾದ ಒಂದೇ ಒಂದು ಸುಳ್ಳು ಆಕೆಯ ಮಾತಿನಲ್ಲಿ ಇರಲಿಲ್ಲ.

"ಬೇಜಾರು ಮಾಡ್ಕೋಬೇಡಿ" ಎಂದಳು ಹೆಂಡತಿ. ಆಕೆಯ ಧ್ವನಿಯೂ ಸಣ್ಣದಾಗಿತ್ತು. "ಮೂವತ್ತು ಕೋಟುಗಳಿಗೆ ಕಾಜಾ ಯಾರು ಹೊಲೀತಾರೆ, ನೀವೇ ಹೇಳಿ. ನಾನಿಲ್ಲವಲ್ಲ."

"ಮತ್ತೆ ಯಾರಿಗೆ ಕೊಟ್ಟರು?"

"ಹೇಳಿದ ದಿನಕ್ಕೆ ಕೊಡೋರು ಯಾರು ಅಂತ ಕೇಳಿದರು, ಅದನ್ನೂ ನಿಜಾನೇ ಹೇಳಿದೆ" ಎಂದು ಆಕೆ ಬೀದಿಯ ಆ ಕಡೆ ನೋಡಿದಳು. ಮಾಸ್ಟರ್ ನೋಡಲಿಲ್ಲ, ನೋಡುವ ಅಗತ್ಯವಿರಲಿಲ್ಲ. ಎದುರಂಗಡಿಯವನಿಗೆ ಮಾದರಿ ತೋರಿಸಲು ಈ ಕೋಟೇ ಬೇಕಂತೆ. ಬೆಳಿಗ್ಗೆ ತನಗೆ ಬಸ್ಸು ಬೇಗ, ನೀವೇ ಸ್ವಲ್ಪ ಕೊಟ್ಟು ಬಂದುಬಿಡಿ ಎಂದು ಹೇಳಿ, ಕೋಟು ಬಿಚ್ಚಿ ಮೇಜಿನ ಮೇಲಿಟ್ಟು ಆಕೆ ಮುಖ ತೊಳೆಯಲು ಒಳಗೆ ಹೋದಳು.

ಮಾಸ್ಟರ್ ಕೋಟನ್ನು ನೋಡುತ್ತ ನಿಂತರು. ದಿನವಿಡೀ ಕೂತು ಎದ್ದು ಬೆನ್ನಿನ ಹತ್ತಿರ ಸುಕ್ಕು ಬಿದ್ದಿತ್ತು, ಕಾಲರ್ ಒಂದು ಕಡೆ ಮಡಿಚಿಕೊಂಡಿತ್ತು. ಹೀಗೇ ಕಳಿಸಿದರೆ ಅವನು ಹೀಗೇ ಹೊಲಿಯುತ್ತಾನೆ. ಒಂದು ಕೋಟಲ್ಲ, ಮೂವತ್ತು. ಹಾಳಾಗಿ ಹೋಗಲಿ ಎಂದು ಗಟ್ಟಿಯಾಗಿಯೇ ಹೇಳಿ, ಇಸ್ತ್ರಿಪೆಟ್ಟಿಗೆಯನ್ನು ಕಾಯಲು ಇಟ್ಟರು. ನೀರು ಚಿಮುಕಿಸಿ, ಮೇಲೊಂದು ತೆಳು ಬಟ್ಟೆ ಹಾಸಿ, ಬೆನ್ನು, ತೋಳು, ಕಾಲರ್ ಒಂದೊಂದಾಗಿ ಉಜ್ಜಿದರು. ಆಮೇಲೆ ಹ್ಯಾಂಗರಿಗೆ ಹಾಕಿ ದೀಪಕ್ಕೆ ಎದುರಾಗಿ ಹಿಡಿದು ನೋಡಿದರು. ಎಲ್ಲೂ ಒಂದು ತಪ್ಪು ಕಾಣಲಿಲ್ಲ. ಅವರಿಗೆ ಅಳು ಬಂತು.