ಐದನೇ ದೀಪ

ಬೆರಳ ಗೆಣ್ಣಿನಷ್ಟೂ ಇಲ್ಲದ ಒಂದು ಬಲ್ಬು ಉರಿಯಲಿಲ್ಲ. ಅಷ್ಟಕ್ಕೇ ತೇಲುಗಣ್ಣನ ಟ್ಯಾಕ್ಸಿ ಫೇಲಾಯಿತು.

ಬೆಳಗಿನಿಂದ ಕವಿದ ಮಂಜು ಊರು ಬಿಟ್ಟು ಕದಲಿರಲಿಲ್ಲ. ವಾಹನ ತಪಾಸಣೆಯ ಅಂಗಳದಲ್ಲಿ ಸಾಲುಗಟ್ಟಿದ ಗಾಡಿಗಳು ಕೆರೆಯ ತಳದ ಮೀನುಗಳ ಹಾಗೆ ತೂಕಡಿಸುತ್ತಿದ್ದವು. ಕಣ್ಣು ತೆರೆದುಕೊಂಡೇ ಕನಸು ಕಾಣುವುದು ತೇಲುಗಣ್ಣನ ಹುಟ್ಟುಗುಣ. ಓಣಿಯವರು ಆ ಹೆಸರಿಟ್ಟದ್ದೂ ಅದಕ್ಕೇ. ಆ ಮೀನುಗಳ ಜೊತೆ ಅವನೂ ಒಂದಷ್ಟು ದೂರ ಈಜಿ ಹೋಗಿದ್ದ. ತಪಾಸಣೆಯ ಸಾಹೇಬರು ಡಿಕ್ಕಿಯ ಬಾಗಿಲನ್ನು ಗುದ್ದಿದಾಗಲೇ ದಡಕ್ಕೆ ಬಂದದ್ದು.

"ನಂಬರ್ ಪ್ಲೇಟಿನ ದೀಪ ಎಲ್ರೀ?"

"ಅಲ್ಲೇ ಇದೆಯಲ್ಲ ಸಾರ್."

"ಇದ್ರೆ ಸಾಲ್ದು, ಉರೀಬೇಕು. ಗೇಟ್ ಮುಚ್ಚೋದ್ರೊಳಗೆ ಉರಿಸ್ಕೊಂಡು ಬನ್ನಿ. ಇಲ್ದಿದ್ರೆ ನಾಳೆಯಿಂದ ಗಾಡಿ ರಸ್ತೆಗಿಳಿಯೋ ಹಾಗಿಲ್ಲ."

"ಸಾರ್, ಬ್ರೇಕು, ಎಂಜಿನ್ನು ಎಲ್ಲಾ ಬಂಗಾರದ ಹಾಗಿದೆ..."

"ಬಂಗಾರಾನೇ ಆಗ್ಲಿ, ನಂಬರ್ ಕಾಣ್ಬೇಕು."

ಅರ್ಧ ಆಯುಷ್ಯ ಊರಿನ ಜನರನ್ನು ಹೊತ್ತು ತಿರುಗಿಸಿದವನ ಮುಖ ಹೇಗಿದೆಯೆಂದು ಆ ಅಂಗಳದಲ್ಲಿ ಯಾರೂ ತಲೆಯೆತ್ತಿ ನೋಡಲಿಲ್ಲ. ಮುಖಕ್ಕೆ ದೀಪ ಹಿಡಿಯಬೇಕೆಂಬ ಕಾನೂನನ್ನು ಯಾವ ಸರ್ಕಾರವೂ ಮಾಡಿಲ್ಲ. ಸಂಖ್ಯೆಗೆ ಮಾತ್ರ ಮಾಡಿದೆ. ಗಾಡಿ ನಿಂತರೆ ಮನೆಯ ಒಲೆ ನಿಲ್ಲುತ್ತದೆ. ತೇಲುಗಣ್ಣ ಗಾಡಿ ತಿರುಗಿಸಿಕೊಂಡು ಮನೆಗೆ ಬಂದ.

"ಪಾಸಾಯ್ತೇನ್ರೀ?" ಎಂದಳು ಹೆಂಡತಿ, ಬಾಗಿಲಲ್ಲೇ.

"ಬಲ್ಬು," ಎಂದ.

ಅಷ್ಟು ಸಾಕಾಯಿತು. ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಓಣಿ ಗಾಡಿಯನ್ನು ಮುತ್ತಿತು. ಮೊದಲು ಬಂದವನು ಬಾಮೈದ. ಅವನು ರಿಪೇರಿ ಮಾಡಿದ ರೇಡಿಯೋಗಳೆಲ್ಲ ಓಣಿಯಲ್ಲಿ ಈಗ ಮೌನವ್ರತದಲ್ಲಿದ್ದವು. ಹೊಸ ಬಲ್ಬು ಹಾಕಿದ. ಉರಿಯಲಿಲ್ಲ. ತಿರುಗಿಸಿ ಹಾಕಿದ. ಆಗಲೂ ಇಲ್ಲ.

ಎದುರು ಮನೆಯ ನಿವೃತ್ತ ಮೇಷ್ಟ್ರು ಕೈ ಹಿಂದೆ ಕಟ್ಟಿ ಪಾಠ ಶುರುಮಾಡಿದರು. "ನೋಡ್ರಪ್ಪಾ, ಹೆಡ್‌ಲೈಟು ನಾವು ದಾರಿ ನೋಡೋಕೆ. ಪಾರ್ಕಿಂಗ್ ಲೈಟು ನಮ್ಮನ್ನ ಬೇರೆಯವರು ನೋಡೋಕೆ. ಸ್ವಿಚ್ಚನ್ನ ಒಂದು ಸಲ ತಿರುವಿದ್ರೆ ಮುಂದೆರಡು, ಹಿಂದೆರಡು ಕೆಂಪು, ಐದನೇದು ಪ್ಲೇಟಿಂದು, ಎಲ್ಲಾ ಒಟ್ಟಿಗೆ ಹತ್ತಬೇಕು. ಒಂದೇ ತಾಯಿ ಮಕ್ಕಳು, ಒಂದೇ ಫ್ಯೂಸು. ಕೀ ಹಾಕದಿದ್ರೂ ಉರೀತಾವೆ."

"ನಾಲ್ಕು ಉರೀತಾ ಇದಾವಲ್ಲ ಮೇಷ್ಟ್ರೇ, ಐದನೇದಕ್ಕೇನು ಮುನಿಸು?" ಎಂದ ಬಾಮೈದ.

"ಐದನೆಯವರ ಪಾಡೇ ಅಷ್ಟು. ನಮ್ಮನೇಲಿ ನಾನೇ ಐದನೆಯವನು."

ಬಾಮೈದ ಸ್ಕ್ರೂಡ್ರೈವರನ್ನು ಎಲ್ಲಿಗೋ ತಿವಿದ. ಪಟ್ ಎಂದಿತು. ಉರಿಯುತ್ತಿದ್ದ ನಾಲ್ಕೂ ಆರಿಹೋದವು.

"ಒಂದನ್ನ ಹಚ್ಚೋಕೆ ಬಂದು ನಾಲ್ಕನ್ನ ನುಂಗಿದ್ಯಲ್ಲೋ ಮಹಾರಾಯ!" ಎಂದಳು ಪಕ್ಕದ ಮನೆಯ ದರ್ಜಿ ಅಕ್ಕ.

ಫ್ಯೂಸು ಸುಟ್ಟಿತ್ತು. ಹಾರನ್ನಿನ ಫ್ಯೂಸು ಕಿತ್ತು ಅಲ್ಲಿಗೆ ಹಾಕಿದರು. ನಾಲ್ಕು ದೀಪ ಮರಳಿ ಬಂದವು, ಹಾರನ್ನಿನ ಗಂಟಲು ಕಟ್ಟಿತು. ಅಷ್ಟರಲ್ಲಿ ದರ್ಜಿ ಅಕ್ಕ ಡಿಕ್ಕಿಯ ಬಾಗಿಲಿನ ಕೀಲಿನ ಹತ್ತಿರ ಬೆರಳಾಡಿಸುತ್ತಿದ್ದಳು. "ಇಲ್ನೋಡಿ, ಪ್ಲೇಟಿನ ದೀಪದ ವೈರು ಬಾಗಿಲಿಗೆ ಹೋಗೋದೇ ಇಲ್ಲಿಂದ. ತೆಗೆದೂ ಮುಚ್ಚೀ ಮಡಿಕೆಯಲ್ಲೇ ಹರಿದಿದೆ. ಹಳೇ ಪ್ಯಾಂಟೂ ಹೀಗೇ ಮಂಡಿಯಲ್ಲೇ ಹರಿಯೋದು."

"ಹೊಲಿಗೆ ಹಾಕು ಹಾಗಾದ್ರೆ!" ಎಂದ ಬಾಮೈದ. ವೈರು ಬಾಗಿಲೊಳಗಿನವರೆಗೂ ಪುಡಿಪುಡಿಯಾಗಿತ್ತು. ಗೇಟು ಮುಚ್ಚುವ ಹೊತ್ತು ಹತ್ತಿರವಾಗುತ್ತಿತ್ತು. ಬಾಮೈದನ ಮುಖ ಬೆಳಗಿತು. "ಬಾಗಿಲೇ ಬದಲಾಯಿಸೋಣ ಭಾವ! ಗುಜರಿಯಲ್ಲಿ ನಿನ್ನ ಗಾಡೀನೇ ಹಡೆದ ಹಾಗಿರೋ ಇನ್ನೊಂದು ಬೂದು ಬಣ್ಣದ್ದು ಬಿದ್ದಿದೆ. ವೈರಿನ ಸಮೇತ ತರ್ತೀನಿ."

ಹಳೆಯ ಬಾಗಿಲನ್ನು ಬಿಚ್ಚಿ ಟೆಂಪೋದಲ್ಲಿ ಹಾಕಿಕೊಂಡು ಹೋದವನು ಹೊಸ ಬಾಗಿಲಿನೊಂದಿಗೆ ಬಂದ. ಬೋಲ್ಟು ಬಿಗಿಯಲು ಇಡೀ ಓಣಿಯ ಕೈಗಳಿದ್ದವು. ತೇಲುಗಣ್ಣನನ್ನು ಮಾತ್ರ, "ನೀನು ಮುಂದೆ ಕೂತು ಸ್ವಿಚ್ಚು ನೋಡ್ಕೋ, ಭಾವ," ಎಂದು ಬಾಮೈದ ಕೂರಿಸಿದ.

ಅವನು ಕೂತ. ಗಾಜಿನಾಚೆ ಪಾರ್ಕಿಂಗ್ ದೀಪಗಳು ಮಂಜಿನಲ್ಲಿ ಎರಡು ಹಳದಿ ಕೊಳಗಳನ್ನು ತೋಡಿದ್ದವು. ಗಾಡಿ ಮೆಲ್ಲಗೆ ನೆಲಬಿಟ್ಟು ಕೊಳದ ಮೇಲೆ ತೇಲಿತು. ಎಲ್ಲೂ ಗೇಟಿಲ್ಲ, ಸಾಹೇಬರಿಲ್ಲ. ಹಿಂದಿನ ಸೀಟಿನಲ್ಲಿ ಯಾರೋ, "ಎಲ್ಲಿಗಾದ್ರೂ ಸರಿ, ಹೋಗಪ್ಪಾ," ಎನ್ನುತ್ತಿದ್ದರು...

"ಹತ್ತಿತು! ಹತ್ತಿತು!"

ಹೊರಗೆ ಚಪ್ಪಾಳೆ. ಮಂಜಿನೊಳಗೆ ಬೆಳ್ಳಗೆ, ಬೆಣ್ಣೆ ಸವರಿದ ಹಾಗೆ ಬೆಳಕು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಹೆಂಡತಿ, "ದೃಷ್ಟಿಯಾದೀತು, ಹೊರಡ್ರೀ," ಎಂದಳು. ಎಲ್ಲರೂ ಬೆಳಕನ್ನೇ ನೋಡಿದರು.

ದಾರಿಯುದ್ದಕ್ಕೂ ತೇಲುಗಣ್ಣ ಕಿಟಕಿಯಿಂದ ತಲೆ ಹಾಕಿ, "ಪೋಂ! ಪೋಂ!" ಎಂದು ತಾನೇ ಹಾರನ್ನಾದ. ಮಂಜಿನಲ್ಲಿ ಯಾರೋ, "ಯಾವನಯ್ಯಾ ಅದು ಎಮ್ಮೆ ಹೊಡ್ಕೊಂಡು ಹೋಗ್ತಿರೋನು?" ಎಂದು ಬೈದರು. ಗೇಟು ಮುಚ್ಚುವಷ್ಟರಲ್ಲಿ ಗಾಡಿಯ ಮೂತಿ ತೂರಿಸಿದ.

ಸಾಹೇಬರು ಹಿಂದಕ್ಕೆ ಬಂದು ಬಗ್ಗಿದರು. "ಭೇಷ್! ದೀಪ ಅಂದ್ರೆ ಇದು. ಮಂಜಿನಲ್ಲೂ ಎಂಥಾ ಸ್ಪಷ್ಟ..." ಎಂದವರು ಗಕ್ಕನೆ ನಿಂತರು. "ಈ ನಂಬರ್ ನಂಗೊತ್ತು. ಇದನ್ನ ನುಜ್ಜುಗುಜ್ಜು ಮಾಡಿದ್ದಾಗಿದೆ ಅಂತ ಹೋದ ತಿಂಗಳು ನಾನೇ ರುಜು ಹಾಕಿದೀನಿ. ಸತ್ತ ಗಾಡಿ ಹೇಗ್ರೀ ಓಡಿಸ್ಕೊಂಡು ಬಂದ್ರಿ?"

ತೇಲುಗಣ್ಣ ಹಿಂದೆ ಓಡಿಬಂದು ನೋಡಿದ. ಗುಜರಿಯ ಬಾಗಿಲು ತನ್ನ ಹಳೆಯ ನಂಬರ್ ಪ್ಲೇಟನ್ನು ಹೊತ್ತುಕೊಂಡೇ ಬಂದಿತ್ತು.

"ಸಾರ್, ಬಾಗಿಲಷ್ಟೇ ಬೇರೇದು! ಮುಂದೆ ನೋಡಿ, ನನ್ನ ನಂಬರ್ರೇ ಇದೆ!"

ಸಾಹೇಬರು ಮುಂದೆ ಹೋದರು, ಹಿಂದೆ ಬಂದರು. "ಮುಂದೆ ಬದುಕಿದೆ, ಹಿಂದೆ ಸತ್ತಿದೆ. ಮುಂಭಾಗಕ್ಕೆ ಮಾತ್ರ ಪಾಸು ಕೊಡೋಕೆ ಬರಲ್ಲ. ನಿಮ್ಮ ಹಿಂದಿನ ಪ್ಲೇಟ್ ತನ್ನಿ, ಈಗಲೇ ಹಾಕಿ, ಪಾಸ್ ಮಾಡ್ತೀನಿ."

ತೇಲುಗಣ್ಣನಿಗೆ ಜೀವ ಬಂತು. ಬಾಮೈದನಿಗೆ ಫೋನು ಹಚ್ಚಿದ. "ನಮ್ಮ ಹಳೇ ಬಾಗಿಲೆಲ್ಲೋ?"

"ಗುಜರಿಯವನಿಗೇ ಕೊಟ್ಟೆ ಭಾವ! ಬಾಗಿಲಿಗೆ ಬಾಗಿಲು. ಒಂದು ಕಾಸೂ ಖರ್ಚಿಲ್ಲ, ಹೆಂಗೆ?"

ಆಗಲೇ ಕಾವಲುಗಾರ ಒಂದು ತಂತಿಗೆ ಪೋಣಿಸಿದ ತಗಡುಗಳನ್ನು ಝಣಝಣ ಎನ್ನಿಸುತ್ತ ತಂದ. "ಸಾರ್, ಗುಜರಿಯಿಂದ ಇವತ್ತಿನ ಪ್ಲೇಟುಗಳು."

ಅಲ್ಲಿಯ ಪದ್ಧತಿ ಅದು. ನುಜ್ಜಿದ ಗಾಡಿಗೊಂದರಂತೆ ಪ್ಲೇಟು ಸಂಜೆ ಕಚೇರಿಗೆ ಬರಬೇಕು. ಪ್ಲೇಟು ಬಂತೆಂದರೆ ಗಾಡಿ ಸತ್ತಿತೆಂದು ಲೆಕ್ಕ. ಒಂದು ಗಾಡಿಗೆ ಒಂದು ಪ್ಲೇಟು ಸಾಕು, ಇನ್ನೊಂದು ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ.

ತಂತಿಯ ತುದಿಯಲ್ಲಿ ತೇಲುಗಣ್ಣನ ನಂಬರು ನೇತಾಡುತ್ತಿತ್ತು.

"ಸಾರ್, ಅದೇ! ಅದೇ ನನ್ನ ಪ್ಲೇಟು, ಕೊಡಿ!" ಎಂದು ಕೈಚಾಚಿದ.

ಸಾಹೇಬರು ತಂತಿಯನ್ನು ಎದೆಗವಚಿಕೊಂಡರು. "ಇಲ್ಲಿಗೆ ಬಂದ ಪ್ಲೇಟ್ ವಾಪಸ್ ಹೋದ ಇತಿಹಾಸವೇ ಇಲ್ಲ. ಈಗ ಮುಂಭಾಗಾನೂ ಸತ್ತ ಹಾಗಾಯ್ತಲ್ರೀ."

"ಸಾರ್, ಗಾಡಿ ನಿಮ್ಮೆದುರಿಗೇ ನಿಂತಿದೆ! ಮುಟ್ಟಿ ನೋಡಿ, ಎಂಜಿನ್ ಬಿಸಿ ಇದೆ!"

"ನಾನು ಮುಟ್ಟಿದ್ರೆ ಬದುಕಲ್ಲ, ಬರೆದ್ರೆ ಬದುಕುತ್ತೆ. ಪ್ಲೇಟ್ ಬಂತು ಅಂದ್ರೆ ಸತ್ತಿದೆ ಅಂತ ಬರೆದ ಹಾಗೇ." ಕೀ ಕಿತ್ತು ಜೇಬಿಗೆ ಹಾಕಿಕೊಂಡು ಒಳಗೆ ಹೋದರು.

ಕಾವಲುಗಾರ ತೇಲುಗಣ್ಣನನ್ನು ನಯವಾಗಿಯೇ ಹೊರಗೆ ಬಿಟ್ಟು ಗೇಟು ಎಳೆದ. ಕಂಬಿಗಳಾಚೆ ಗಾಡಿಯ ಐದೂ ದೀಪಗಳು ಮಂಜಿನಲ್ಲಿ ಹಿತವಾಗಿ ಉರಿಯುತ್ತಿದ್ದವು. ಫೋನು ಬಡಿದುಕೊಂಡಿತು.

"ಏನ್ರೀ, ಪಾಸಾಯ್ತಾ?" ಎಂದಳು ಹೆಂಡತಿ. ಹಿಂದೆ ಇಡೀ ಓಣಿ ಉಸಿರು ಬಿಗಿಹಿಡಿದದ್ದು ಕೇಳಿಸುತ್ತಿತ್ತು.

ತೇಲುಗಣ್ಣ ಕಂಬಿಗೆ ಹಣೆಯೊತ್ತಿ ಆ ಬೆಳಕನ್ನೇ ಒಂದು ಗಳಿಗೆ ನೋಡಿದ.

"ದೀಪ ಪಾಸಾಯ್ತು ಕಣೇ," ಎಂದ.

ಫೋನಿನಲ್ಲಿ ಓಣಿಯೆಲ್ಲ ಚಪ್ಪಾಳೆ ತಟ್ಟಿತು.