ಬಸವನಗುಡಿಯಲ್ಲಿ ಕರಗಿದ ಸಾಲು

ಬೆಳಗ್ಗೆ ಏಳಕ್ಕೇ ಖಾಲಿ ಹೊಟ್ಟೆಯಲ್ಲಿ ಬಂದು, ಎಂಟೂವರೆಯಾದರೂ ಒಂದು ಹನಿ ರಕ್ತ ಕೊಡಲಾಗದೆ ಕೂತಿದ್ದ ಶ್ರೀಹರಿಯವರ ರಕ್ತ ಆಗಲೇ ಕುದಿಯುತ್ತಿತ್ತು. ಬಸವನಗುಡಿಯ ಆ ಲ್ಯಾಬಿನಲ್ಲಿ ಹೆಸರು ಬರೆದುಕೊಳ್ಳಲು ಮೂವರು. ರಕ್ತ ತೆಗೆಯಲು ಹಂಸಾ ಒಬ್ಬಳೇ. ಹೆಸರು ನಿಮಿಷದಲ್ಲಿ ಮುಗಿಯುತ್ತಿತ್ತು. ಆಮೇಲೆ ಜನ ಒಳಕೋಣೆಯ ಬಾಗಿಲಿಗೆ ಸಂಜೆಯ ಸಿಟಿ ಬಸ್ಸಿಗೆ ಜೋತುಬಿದ್ದಂತೆ ಜೋತುಬಿದ್ದಿದ್ದರು.

ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ, ಅದರಲ್ಲೂ ಸರದಿ ಸಾಲುಗಳ ಲೆಕ್ಕವನ್ನೇ ಪಾಠ ಮಾಡಿದ್ದವರು ಇದನ್ನು ಹೇಗೆ ಸಹಿಸಿಯಾರು? ನೇರವಾಗಿ ಮ್ಯಾನೇಜರ್ ಶಶಿಕಿರಣನ ಮೇಜಿಗೆ ಹೋದರು.

"ಏನ್ರೀ ಇದು? ಅಲ್ಲಿ ಮೂರು ಜನ ಆಕಳಿಸ್ತಾ ಕೂತಿದಾರೆ, ಇಲ್ಲಿ ನಲವತ್ತು ಜನ ಒಣಗ್ತಿದಾರೆ. ಅವರಿಗೆ ರಕ್ತ ತೆಗೆಯೋಕೆ ಬರಲ್ವಾ?"

"ಬರತ್ತೆ ಸಾರ್. ಎಲ್ರಿಗೂ ಟ್ರೈನಿಂಗ್ ಆಗಿದೆ."

"ಮತ್ತೆ? ಎಲ್ಲಿ ಸಾಲು ಉದ್ದ ಇದೆಯೋ ಅಲ್ಲಿಗೆ ಜನ ಕಳಿಸ್ಬೇಕು. ಇಷ್ಟೂ ಗೊತ್ತಾಗಲ್ವಾ?"

ಶಶಿಕಿರಣ ಒಪ್ಪಿದ. ಇಬ್ಬರು ಒಳಕ್ಕೆ ಹೋದರು. ಯಾರು ಯಾವ ಕುರ್ಚಿಗೆ ಎಂದು ಕೈಬೀಸಿ ಕಳಿಸಲು ಶ್ರೀಹರಿಯವರೇ ಬಾಗಿಲಲ್ಲಿ ನಿಂತರು. ಸಾಲು ಬಿಸಿ ದೋಸೆಯ ಮೇಲಿನ ಬೆಣ್ಣೆಯಂತೆ ಕರಗತೊಡಗಿತು.

ಅವರದೇ ಬೀದಿಯ ಶೀನಣ್ಣ ತೋಳಿಗೆ ಹತ್ತಿ ಒತ್ತಿಕೊಂಡು ಹೊರಬಂದ. "ನಿಮ್ಮ ನಂಬರ್ ಎರಡು ಸಲ ಕೂಗಿದ್ರು ಸ್ವಾಮಿ. ನೀವು ಬ್ಯುಸಿ ಇದ್ರಿ, ಅದಕ್ಕೆ ನಾನೇ ಹೋಗ್ಬಿಟ್ಟೆ."

"ಅಲ್ರೀ, ನನ್ನನ್ನ ಒಂದು ಮಾತು ಕರೀಬಾರ್ದಿತ್ತಾ?"

"ಇಷ್ಟು ಚೆನ್ನಾಗಿ ನಡೆಸ್ತಿದ್ರಿ, ಯಾಕೆ ತೊಂದ್ರೆ ಕೊಡೋದು ಅಂತ."

ಒಂಬತ್ತೂವರೆಗೆ ಕೊನೆಯವರನ್ನೂ ಕಳಿಸಿ ಶ್ರೀಹರಿಯವರು ಅಂಗಿಯ ತೋಳು ಮಡಚುತ್ತ ಒಳಗೆ ಹೋದರು. ಮೂರು ಕುರ್ಚಿಯೂ ಖಾಲಿ. ಸೂಜಿಯವರು ಒಬ್ಬರೂ ಇಲ್ಲ.

"ಮೂವರನ್ನೂ ಹಿಂಬಾಗಿಲಿಂದ ನಮ್ಮ ಮಲ್ಲೇಶ್ವರದ ಬ್ರ್ಯಾಂಚಿಗೆ ಕಳಿಸ್ದೆ ಸಾರ್," ಎಂದ ಶಶಿಕಿರಣ ಹೆಮ್ಮೆಯಿಂದ. "ಅಲ್ಲಿ ಸಾಲು ಬೀದಿಗೆ ಬಂದಿದೆಯಂತೆ. ನೀವೇ ಹೇಳಿದ್ರಲ್ಲ."

"ನಾನು ಹೇಳಿದ್ದು ಈ ಕಟ್ಟಡದೊಳಗೆ ಕಣ್ರೀ. ನನ್ನ ರಕ್ತ ಯಾರು ತೆಗೀತಾರೆ?"

"ಸೂಜಿ, ಸಿರಿಂಜೂ ಅವರ ಜೊತೆಗೇ ಹೋಯ್ತು ಸಾರ್. ಮೆಟ್ರೋದಲ್ಲಿ ಹೋಗ್ಬಿಡಿ. ಅಲ್ಲೇ ತೆಗೀತಾರೆ."

ಬೈಯಲು ಮಾತು ಬೇಕಾದಷ್ಟಿತ್ತು, ಹೊಟ್ಟೆಯಲ್ಲಿ ತ್ರಾಣವಿರಲಿಲ್ಲ. ಮಲ್ಲೇಶ್ವರ ತಲುಪಿದಾಗ ಹತ್ತೂಕಾಲು. ಕೈಗೆ ಸಿಕ್ಕ ಟೋಕನ್ ಅರವತ್ತೆಂಟು. ಒಳಗೆ ನೋಡಿದರೆ ಹೆಸರು ಬರೆಯಲು ಬಸವನಗುಡಿಯಿಂದ ಬಂದ ಇಬ್ಬರೂ ಸೇರಿ ನಾಲ್ವರು, ಸೂಜಿಗೆ ಮತ್ತೆ ಅದೇ ಹಂಸಾ ಒಬ್ಬಳು. ಶ್ರೀಹರಿಯವರ ಮೂಗಿನ ಹೊಳ್ಳೆ ಅರಳಿತು. ಬಾಯಿ ತೆರೆದರು.

ಅಷ್ಟರಲ್ಲಿ ಹಂಸಾ ಸಿರಿಂಜು ಕೆಳಗಿಟ್ಟು ಓಡಿಬಂದು ಕೈಮುಗಿದಳು.

"ದಮ್ಮಯ್ಯ, ಇಲ್ಲೇನೂ ಹೇಳ್ಬೇಡಿ ಸಾರ್. ಈ ಸಾಲೂ ಕರಗಿದ್ರೆ ನಮ್ಮನ್ನ ಮತ್ತಿಕೆರೆ ಬ್ರ್ಯಾಂಚಿಗೆ ಕಳಿಸ್ತಾರೆ. ಆಮೇಲೆ ನೀವೂ ಅಲ್ಲಿಗೇ ಬರಬೇಕಾಗತ್ತೆ."